ಸೆನ್ಸರ್ ಓಡುತ್ತಿದೆ, ಇನ್ಸುಲಿನ್ ಇನ್ನೂ ನಡೆಯುತ್ತಿದೆ

ಸಕ್ಕರೆ ಕಾಯಿಲೆಯ ಸುದ್ದಿಗಳನ್ನು ಬಿಡದೆ ಓದುವವರಿಗೆ 2024ರಿಂದೀಚೆಗೆ ಗೊಂದಲವೇ ಜಾಸ್ತಿ. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು: ಚರ್ಮ ಚುಚ್ಚದೆಯೇ ಶುಗರ್ ಹೇಳುತ್ತೇವೆ ಎನ್ನುವ ಸ್ಮಾರ್ಟ್‌ವಾಚು, ಉಂಗುರಗಳನ್ನು ನಂಬಬೇಡಿ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಸಂಸ್ಥೆ ಮೈಗೆ ಅಂಟಿಸಿಕೊಳ್ಳುವ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ಶುಗರ್ ಸೆನ್ಸರಿಗೆ ಮೊದಲ ಬಾರಿ ಒಪ್ಪಿಗೆ ಕೊಟ್ಟಿತು. ವಾರಕ್ಕೊಮ್ಮೆ ತಗೊಳ್ಳುವ ಇನ್ಸುಲಿನ್ನಿಗೆ ಅದೇ ವರ್ಷ ಯುರೋಪ್ ಮತ್ತು ಕೆನಡಾ ಹೂಂ ಅಂದವು, ಅಮೆರಿಕ ಸದ್ಯಕ್ಕೆ ಬೇಡ ಅಂದಿತು. ಮುಂದೆ 2025ರ ನವೆಂಬರಿನಲ್ಲಿ ಅಬಾಟ್ ಕಂಪನಿ, ತನ್ನ ಲಿಬ್ರೆ 3 ಸೆನ್ಸರುಗಳಲ್ಲಿ ಕೆಲವು ಶುಗರನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತಿವೆ, ಅವನ್ನು ಬಳಸಬೇಡಿ ಎಂದು ತಿಳಿಸಿತು.

ಒಂದು ಯಂತ್ರ ಸರಿಯಂತೆ, ಇನ್ನೊಂದು ತಪ್ಪಂತೆ. ಒಂದು ದೇಶಕ್ಕೆ ಒಪ್ಪಿಗೆಯಾದ ಔಷಧ ಇನ್ನೊಂದಕ್ಕೆ ಆಗದಂತೆ. ನಂಬುವುದಾದರೂ ಯಾವುದನ್ನು?

ಈ ತೀರ್ಮಾನಗಳು ಒಂದಕ್ಕೊಂದು ತಿಕ್ಕಾಡುವಂತೆ ಕಂಡರೂ ಹಿಂದಿರುವ ಲೆಕ್ಕ ಒಂದೇ. ಯಂತ್ರ ತಪ್ಪು ಸಂಖ್ಯೆ ತೋರಿಸಿದರೆ ಅದನ್ನು ನಂಬಿದವರು ಏನು ಮಾಡುತ್ತಾರೆ? ಮಾಡಿದ್ದನ್ನು ಸರಿಪಡಿಸಿಕೊಳ್ಳಲು ಎಷ್ಟು ಹೊತ್ತು ಸಿಗುತ್ತದೆ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡರೆ ಸಿಕ್ಕು ಒಂದೊಂದಾಗಿ ಬಿಡುತ್ತದೆ.

ಅಳತೆಯಿಲ್ಲದ ಔಷಧ

1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ ಇನ್ಸುಲಿನ್ ಪಡೆದ ಮೊದಲ ರೋಗಿಯಾದ. ಸಾವಿನ ಅಂಚಿನಲ್ಲಿದ್ದ ಮಕ್ಕಳು ಎದ್ದು ಓಡಾಡುವಂತಾಯಿತು. ಆದರೆ ಎಷ್ಟು ಚುಚ್ಚಿಕೊಳ್ಳಬೇಕು ಎಂದು ಮನೆಯಲ್ಲೇ ತಿಳಿಯುವ ದಾರಿ ದಶಕಗಟ್ಟಲೆ ಇರಲಿಲ್ಲ. ಇದ್ದದ್ದು ಮೂತ್ರ ಪರೀಕ್ಷೆ ಒಂದೇ. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆ ಮಾತ್ರ ಅದು ಮೂತ್ರಕ್ಕೆ ಇಳಿಯುತ್ತದೆ. (ಇಲ್ಲಿ ಬರುವ ಶುಗರ್ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು.) ಅಷ್ಟಾದರೂ ಅದು ಹೇಳುವುದು ಗಂಟೆಗಳ ಹಿಂದಿನ ಕತೆ. ಶುಗರ್ ತೀರಾ ಕೆಳಗೆ ಬಿದ್ದಿದೆಯೋ ಎಂಬ ಮುಖ್ಯ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇರಲಿಲ್ಲ.

1962ರಲ್ಲಿ ಲೆಲಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಒಂದು ಯೋಚನೆ ಮುಂದಿಟ್ಟರು. ಗ್ಲುಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸಿದರೆ ಅದು ಸಕ್ಕರೆಯ ಜೊತೆ ವರ್ತಿಸುತ್ತದೆ, ಆ ವರ್ತನೆಯನ್ನು ವಿದ್ಯುತ್ತಾಗಿ ಅಳೆಯಬಹುದು. ಇಂದಿನ ಬಹುಪಾಲು ಸೆನ್ಸರುಗಳು ನಿಂತಿರುವುದು ಈ ಹಳೇ ಉಪಾಯದ ಮೇಲೆ. ಬೆರಳು ಚುಚ್ಚಿ ಒಂದು ಹನಿ ರಕ್ತದಲ್ಲಿ ಶುಗರ್ ನೋಡುವ ಮೀಟರುಗಳು ಮನೆಗೆ ಬಂದ ಮೇಲೆ ಮೊದಲ ಸಲ ರೋಗಿಯ ಕೈಗೆ ಆ ಗಳಿಗೆಯ ಸಂಖ್ಯೆ ಸಿಕ್ಕಿತು.

ಆ ಸಂಖ್ಯೆಯಿಂದ ಏನು ಲಾಭ ಎಂದು ಸಾಬೀತಾದದ್ದು 1993ರಲ್ಲಿ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ಹೆಚ್ಚುಕಡಿಮೆ ನಿಂತುಹೋಗುವ ಟೈಪ್ 1 ಸಕ್ಕರೆ ಕಾಯಿಲೆ ಇರುವ 1,441 ಜನರನ್ನು ವರ್ಷಗಟ್ಟಲೆ ಗಮನಿಸಿದ ಡಿಸಿಸಿಟಿ ಎಂಬ ಅಧ್ಯಯನ, ಶುಗರನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಕಿಡ್ನಿ, ನರಗಳಿಗೆ ಆಗುವ ಹಾನಿ ಗಣನೀಯವಾಗಿ ತಗ್ಗುತ್ತದೆ ಎಂದು ತೋರಿಸಿತು. ಜೊತೆಗೇ ಇನ್ನೊಂದನ್ನೂ ತೋರಿಸಿತು. ಬಿಗಿಯಾಗಿ ಹಿಡಿದವರಲ್ಲಿ ಇನ್ನೊಬ್ಬರ ನೆರವು ಬೇಕಾಗುವಷ್ಟು ಶುಗರ್ ಕುಸಿಯುವುದು ಸುಮಾರು ಮೂರು ಪಟ್ಟಾಯಿತು. ಮೇಲೆ ಹೋದರೆ ವರ್ಷಗಳಲ್ಲಿ ಹಾನಿ, ಕೆಳಗೆ ಬಿದ್ದರೆ ನಿಮಿಷಗಳಲ್ಲಿ. ಅಲ್ಲಿಂದೀಚೆಗೆ ಬಂದ ಯಂತ್ರಗಳೆಲ್ಲ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿ ಜಾಗ ಮಾಡಿಕೊಳ್ಳುವ ಪ್ರಯತ್ನಗಳೇ.

ಬಾಣದ ಗುರುತು

ಮೀಟರ್ 120 ಎಂದು ತೋರಿಸಿತು ಅಂದುಕೊಳ್ಳಿ. ಅದು ಏರುತ್ತಿರುವ 120 ಆಗಿರಬಹುದು, ಇಳಿಯುತ್ತಿರುವ 120 ಆಗಿರಬಹುದು, ಸುಮ್ನೆ ನಿಂತಿರುವ 120 ಕೂಡ ಆಗಿರಬಹುದು. ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಇಳಿಯುತ್ತಿದ್ದರೆ ಇನ್ಸುಲಿನ್ ತಗೊಳ್ಳುವುದೇ ಅಪಾಯ.

ತೋಳಿಗೋ ಹೊಟ್ಟೆಗೋ ಅಂಟಿಸಿಕೊಳ್ಳುವ ಸೆನ್ಸರಿನ ನಿಜವಾದ ಗಳಿಕೆ ಇಲ್ಲಿದೆ. ಕೂದಲಿನಂಥ ತೆಳ್ಳಗಿನ ಎಳೆಯೊಂದು ಚರ್ಮದ ಕೆಳಗೆ ಕೂತು, ಒಂದರಿಂದ ಐದು ನಿಮಿಷಕ್ಕೊಮ್ಮೆ ಅಳೆದು ಫೋನಿಗೆ ಕಳಿಸುತ್ತದೆ. ಸಂಖ್ಯೆಯ ಪಕ್ಕದಲ್ಲಿ ಒಂದು ಬಾಣ ಇರುತ್ತದೆ: ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ. ಐದು ನಿಮಿಷಕ್ಕೊಂದು ಎಂದರೂ ದಿನಕ್ಕೆ 288 ಅಳತೆ. 1999ರಲ್ಲಿ ಒಪ್ಪಿಗೆ ಪಡೆದ ಮೊದಲ ಸೆನ್ಸರಿನ ಲೆಕ್ಕವನ್ನು ನೋಡಲು ವೈದ್ಯರ ಬಳಿಗೇ ಹೋಗಬೇಕಿತ್ತು. ಈಗಿನವು 10ರಿಂದ 15 ದಿನ ಕೆಲಸ ಮಾಡುತ್ತವೆ. ಚರ್ಮದ ಕೆಳಗೆ ಪೂರ್ತಿ ಹೂತಿಟ್ಟು ಒಂದು ವರ್ಷ ನಡೆಯುವ ಎವರ್‌ಸೆನ್ಸ್ ಎಂಬುದಕ್ಕೂ 2024ರಲ್ಲಿ ಒಪ್ಪಿಗೆ ಸಿಕ್ಕಿದೆ.

ವೈದ್ಯರ ಭಾಷೆಯೂ ಇದರಿಂದ ಬದಲಾಯಿತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಇನ್ನೂ ಇದೆ. ಆದರೆ ಸರಾಸರಿ ಮೋಸ ಮಾಡಬಲ್ಲದು. ದಿನವಿಡೀ ಸಮವಾಗಿದ್ದವರಿಗೂ, 50ಕ್ಕೂ 300ಕ್ಕೂ ನಡುವೆ ಜೀಕುತ್ತಿದ್ದವರಿಗೂ ಒಂದೇ ಸರಾಸರಿ ಬರಬಹುದಲ್ವಾ? ಹಾಗಾಗಿ 2019ರಲ್ಲಿ ತಜ್ಞರು ಕೂತು ಬೇರೆ ಅಳತೆಗೋಲು ಒಪ್ಪಿಕೊಂಡರು. ಹೆಚ್ಚಿನವರು ದಿನದ ಶೇ 70ಕ್ಕಿಂತ ಜಾಸ್ತಿ ಹೊತ್ತು 70ರಿಂದ 180ರ ನಡುವೆ ಇರಬೇಕು, 70ಕ್ಕಿಂತ ಕೆಳಗೆ ಶೇ 4ಕ್ಕಿಂತ ಕಡಿಮೆ ಹೊತ್ತು.

ಈಗ ಇದರ ಮಿತಿ. ಸೆನ್ಸರ್ ರಕ್ತವನ್ನು ಮುಟ್ಟುವುದೇ ಇಲ್ಲ. ಅದು ಅಳೆಯುವುದು ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಿಂದ ಸಕ್ಕರೆ ಅಲ್ಲಿಗೆ ಸೋರಿಕೊಂಡು ಬರಲು ಐದರಿಂದ ಹತ್ತು ನಿಮಿಷ ಬೇಕು. ಶುಗರ್ ನಿಂತಿದ್ದಾಗ ಈ ತಡ ಗೊತ್ತೇ ಆಗುವುದಿಲ್ಲ, ಧಡಕ್ಕನೆ ಬೀಳುತ್ತಿರುವಾಗ ಅದೇ ದೊಡ್ಡದು. ಸೆನ್ಸರ್ ಇರುವ ಕೈಯ ಮೇಲೆ ಒತ್ತಿ ಮಲಗಿದರೆ ಅಲ್ಲಿನ ದ್ರವದ ಹರಿವು ತಗ್ಗಿ, ಇಲ್ಲದ ಲೋ ಶುಗರ್ ತೋರಿಸಿ ನಡುರಾತ್ರಿ ಎಬ್ಬಿಸುತ್ತದೆ. ಕೆಲವು ಸೆನ್ಸರುಗಳನ್ನು ಪ್ಯಾರಸಿಟಮಾಲ್ ದಾರಿ ತಪ್ಪಿಸುತ್ತದೆ, ಕೆಲವನ್ನು ಜಾಸ್ತಿ ವಿಟಮಿನ್ ಸಿ. ಒಳ್ಳೆಯ ಸೆನ್ಸರುಗಳಲ್ಲೂ ಸರಾಸರಿ ಶೇ 8, 9ರಷ್ಟು ಹೆಚ್ಚುಕಮ್ಮಿ ಇರುತ್ತದೆ. ಹಾಗಾಗಿಯೇ ಮೈ ಒಂದು ಹೇಳಿ ಸೆನ್ಸರ್ ಇನ್ನೊಂದು ಹೇಳಿದಾಗ ಬೆರಳು ಚುಚ್ಚಿ ನೋಡಿ ಎನ್ನುವ ಮಾತು ಇಂದಿಗೂ ಉಳಿದಿರುವುದು.

ವಾಚಿಗೆ ಬೇಡ, ಸೆನ್ಸರಿಗೆ ಸರಿ: ಯಾಕೆ?

ವಾಚುಗಳ ವಿಷಯದಲ್ಲಿ ಎರಡು ಸಂಗತಿ ಬೆರೆತುಹೋಗಿವೆ. ಚರ್ಮದ ಕೆಳಗಿನ ಸೆನ್ಸರ್ ಅಳೆದದ್ದನ್ನು ವಾಚಿನ ಪರದೆಯ ಮೇಲೆ ತೋರಿಸುವುದು ಬೇರೆ. ಅಲ್ಲಿ ವಾಚು ಬರೀ ಫಲಕ, ಅದಕ್ಕೆ ಯಾರ ತಕರಾರೂ ಇಲ್ಲ. ವಾಚೇ ಬೆಳಕು ಹಾಯಿಸಿ ಶುಗರ್ ಕಂಡುಹಿಡಿಯುವುದು ಬೇರೆ. ಎಫ್‌ಡಿಎ ಎಚ್ಚರಿಸಿದ್ದು ಈ ಎರಡನೆಯದರ ಬಗ್ಗೆ. ಅಂಥ ಒಂದೇ ಒಂದು ವಾಚು ಅಥವಾ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಆಗ ಅದು ಸ್ಪಷ್ಟವಾಗಿ ಹೇಳಿತು.

ಬೆಳಕಿನಿಂದ ಅಳೆಯುವುದು ದಶಕಗಳ ಹಳೆಯ ಕನಸು. ಅಡ್ಡಿ ಇಷ್ಟೇ: ಚರ್ಮದ ಮೂಲಕ ಬರುವ ಬೆಳಕಿನಲ್ಲಿ ಸಕ್ಕರೆಯ ಗುರುತು ತೀರಾ ಮಸುಕು. ನೀರು, ಕೊಬ್ಬು, ಬೆವರು, ಚರ್ಮದ ಬಿಸಿ ಇವುಗಳ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ನಾಡಿಬಡಿತ ಎಣಿಸುವ ವಾಚು ಒಂದೆರಡು ತಪ್ಪಿದರೆ ಏನೂ ಆಗದು. ಇಲ್ಲಿ 90 ಇರುವುದನ್ನು 220 ಎಂದು ತೋರಿಸಿದರೆ, ಅದನ್ನು ನಂಬಿ ಇನ್ಸುಲಿನ್ ತಗೊಂಡವರು ಪ್ರಜ್ಞೆ ತಪ್ಪಿ ಬೀಳಬಹುದು.

ಹಾಗಾದರೆ ಚೀಟಿಯಿಲ್ಲದೆ ಸಿಗುವ ಸೆನ್ಸರಿಗೆ ಯಾಕೆ ಒಪ್ಪಿದರು? ಮೊದಲು ಒಪ್ಪಿಗೆ ಪಡೆದ ಡೆಕ್ಸ್‌ಕಾಮ್ ಕಂಪನಿಯ ಸ್ಟೆಲೊದ ಷರತ್ತು ನೋಡಿ: 18 ವರ್ಷ ದಾಟಿದ, ಇನ್ಸುಲಿನ್ ತಗೊಳ್ಳದವರಿಗೆ ಮಾತ್ರ. ಅವರ ಸಂಖ್ಯೆ ಸ್ವಲ್ಪ ತಪ್ಪಾದರೆ ಒಂದು ಹೊತ್ತು ಕಡಿಮೆ ಉಣ್ಣಬಹುದು, ಇಲ್ಲ ಒಂದು ಸುತ್ತು ಜಾಸ್ತಿ ನಡೆಯಬಹುದು. ತಪ್ಪು ಅಲ್ಲಿಗೇ ನಿಲ್ಲುತ್ತದೆ. ಮೊದಲ ನೋಟಕ್ಕೆ ಇಬ್ಬಗೆಯ ನೀತಿ ಅನ್ನಿಸಿದ್ದು ವಾಸ್ತವದಲ್ಲಿ ಒಂದೇ ನೀತಿ. ಸಂಖ್ಯೆಯ ಹಿಂದೆ ಸೂಜಿ ಇದೆಯೋ ಇಲ್ಲವೋ, ಅಷ್ಟೇ ವ್ಯತ್ಯಾಸ.

ವಾಪಸ್ ಕರೆಯಲಾಗದ ಹನಿ

ಅಳತೆ ಇಷ್ಟು ಚುರುಕಾಗಿದೆ. ಔಷಧ?

ಆರೋಗ್ಯವಂತರಲ್ಲಿ ಪ್ಯಾಂಕ್ರಿಯಾಸ್ ಇನ್ಸುಲಿನ್ನನ್ನು ನೇರವಾಗಿ ಲಿವರಿಗೆ ಹೋಗುವ ರಕ್ತನಾಳಕ್ಕೆ ಬಿಡುತ್ತದೆ. ಸುಮಾರು ಅರ್ಧದಷ್ಟನ್ನು ಲಿವರ್ ಮೊದಲ ಸುತ್ತಿನಲ್ಲೇ ಹಿಡಿದುಕೊಳ್ಳುತ್ತದೆ. ಕೆಲಸ ನಿಮಿಷಗಳಲ್ಲಿ ಶುರು. ಸಾಕು ಅನ್ನಿಸಿದರೆ ಬಿಡುವುದು ನಿಲ್ಲುತ್ತದೆ, ರಕ್ತದಲ್ಲಿ ಇದ್ದದ್ದೂ ಐದಾರು ನಿಮಿಷಕ್ಕೆ ಅರ್ಧದಂತೆ ಕರಗುತ್ತಾ ಹೋಗುತ್ತದೆ. ಅಂದರೆ ನಿಲ್ಲಿಸುವ ವೇಗವೂ ಶುರು ಮಾಡುವಷ್ಟೇ.

ಚುಚ್ಚಿಕೊಂಡ ಇನ್ಸುಲಿನ್ ಬೀಳುವುದು ಚರ್ಮದಡಿಯ ಕೊಬ್ಬಿನಲ್ಲಿ. ಮಾಮೂಲಿ ಇನ್ಸುಲಿನ್ನಿನ ಅಣುಗಳು ಆರಾರು ಸೇರಿ ಗುಂಪಾಗಿರುತ್ತವೆ. ಬಿಡಿಬಿಡಿಯಾದ ಮೇಲಷ್ಟೇ ರಕ್ತಕ್ಕೆ ಸೇರಬಲ್ಲವು. ಈ ಗುಂಪು ಬೇಗ ಒಡೆಯುವಂತೆ ಮಾರ್ಪಾಡು ಮಾಡಿದ ಲಿಸ್ಪ್ರೊ 1996ರಲ್ಲಿ ಬಂತು, ಹಿಂದೆಯೇ ಅದರ ಸೋದರರು ಬಂದರು. ವೇಗದ್ದು ಎನ್ನುವ ಇವು ಕೂಡ ಕೆಲಸ ಶುರು ಮಾಡಲು ಕಾಲು ಗಂಟೆ, ಉತ್ತುಂಗಕ್ಕೆ ಬರಲು ಒಂದರಿಂದ ಎರಡು ಗಂಟೆ ತಗೊಳ್ಳುತ್ತವೆ, ನಾಲ್ಕು ಗಂಟೆಯವರೆಗೂ ಮೈಯಲ್ಲಿ ಉಳಿದಿರುತ್ತವೆ. ಉಸಿರಿನಲ್ಲಿ ಎಳೆದುಕೊಳ್ಳುವ ಇನ್ಸುಲಿನ್ ಇನ್ನೂ ಬೇಗ. 2006ರಲ್ಲಿ ಒಪ್ಪಿಗೆ ಪಡೆದ ಎಕ್ಸುಬೆರಾ ಮರುವರ್ಷವೇ ಮಾರುಕಟ್ಟೆ ಬಿಟ್ಟಿತು, 2014ರ ಅಫ್ರೆಜ್ಜಾ ಉಳಿದಿದೆ, ಆದರೆ ಶ್ವಾಸಕೋಶದ ತೊಂದರೆ ಇದ್ದವರಿಗೆ ಅದು ಆಗದು.

ಒಮ್ಮೆ ಚರ್ಮದಡಿ ಹೋದ ಹನಿಯನ್ನು ವಾಪಸ್ ಕರೆಯಲಾಗದು. ಮೈಗೆ ಜೋಡಿಸಿಕೊಂಡು ಸಣ್ಣ ಕೊಳವೆಯಿಂದ ಚರ್ಮದಡಿಗೆ ಇನ್ಸುಲಿನ್ ಹನಿಸುವ ಪಂಪ್ ಎಷ್ಟೇ ಜಾಣನಾದರೂ ಮುಂದಿನ ಹನಿಯನ್ನು ತಡೆಯಬಹುದು, ಹಿಂದಿನದನ್ನು ಅಲ್ಲ.

ತಾನೇ ನಿರ್ಧರಿಸುವ ಪಂಪ್

ಸೆನ್ಸರ್ ಹೇಳಿದ್ದನ್ನು ಕೇಳಿ ಪಂಪ್ ತಾನೇ ಇನ್ಸುಲಿನ್ ಹೆಚ್ಚುಕಮ್ಮಿ ಮಾಡುವ ವ್ಯವಸ್ಥೆಗೆ ಮೊದಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಮೆಡ್‌ಟ್ರಾನಿಕ್ ಕಂಪನಿಯ 670ಜಿಗೆ. ಅದರ ಹಿಂದೆ ಒಂದು ಸ್ವಾರಸ್ಯದ ಕತೆಯಿದೆ. ಕಂಪನಿಗಳಿಗೆ ಕಾಯಲು ಮನಸ್ಸಿಲ್ಲದ ರೋಗಿಗಳು, ಅಪ್ಪ ಅಮ್ಮಂದಿರು 2013ರ ಹೊತ್ತಿಗೆ ‘ನಾವು ಕಾಯುವುದಿಲ್ಲ’ ಎಂದು ತಾವೇ ಕೋಡ್ ಬರೆಯತೊಡಗಿದ್ದರು. ಮೊದಲು ಮಗುವಿನ ಶುಗರನ್ನು ದೂರದಿಂದ ನೋಡುವ ನೈಟ್‌ಸ್ಕೌಟ್ ಬಂತು. 2015ರಲ್ಲಿ ಸ್ವತಃ ಟೈಪ್ 1 ಇರುವ ಡೇನಾ ಲೂಯಿಸ್ ಮತ್ತು ಜೊತೆಗಾರರು ಓಪನ್‌ಎಪಿಎಸ್ ಎಂಬ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ವ್ಯವಸ್ಥೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇದೇ ಬಳಗದಿಂದ ಬೆಳೆದ ಲೂಪ್ ಎಂಬ ಆ್ಯಪಿನ ಒಂದು ರೂಪಕ್ಕೆ 2023ರ ಜನವರಿಯಲ್ಲಿ ಎಫ್‌ಡಿಎ ಮುದ್ರೆಯೂ ಬಿತ್ತು.

ಫಲ ಚೆನ್ನಾಗಿಯೇ ಇದೆ. 2019ರಲ್ಲಿ ಪ್ರಕಟವಾದ ಆರು ತಿಂಗಳ ಪ್ರಯೋಗವೊಂದರಲ್ಲಿ ಕಂಟ್ರೋಲ್-ಐಕ್ಯೂ ಪಂಪ್ ಬಳಸಿದವರ ಶುಗರ್ 70–180ರ ನಡುವೆ ಇರುವ ಹೊತ್ತು ಶೇ 61ರಿಂದ 71ಕ್ಕೆ ಏರಿತು. ಪಂಪು ಸೆನ್ಸರು ಎರಡೂ ಇದ್ದು ತಾವೇ ಲೆಕ್ಕ ಹಾಕುತ್ತಿದ್ದವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 2.6 ಗಂಟೆ ಜಾಸ್ತಿ. ರಾತ್ರಿಯ ಹೊತ್ತು ಇದು ಎದ್ದು ಕಾಣುತ್ತದೆ. ರಾತ್ರಿ ಊಟವಿಲ್ಲ, ಓಡಾಟವಿಲ್ಲ, ಶುಗರ್ ಮೆಲ್ಲಗೆ ಸರಿಯುತ್ತದೆ. ನಿಧಾನದ ಇನ್ಸುಲಿನ್ನಿಗೂ ಆ ವೇಗ ಹೊಂದುತ್ತದೆ.

ಊಟದ ಹೊತ್ತಿಗೆ ಆಟ ಬೇರೆ. ಉಂಡ ಮೇಲೆ ಶುಗರ್ ಏರತೊಡಗುತ್ತದೆ. ಅದು ಸೆನ್ಸರಿಗೆ ಕಾಣುವಷ್ಟರಲ್ಲಿ ಹತ್ತು ನಿಮಿಷ. ಆಗ ಬಿಟ್ಟ ಇನ್ಸುಲಿನ್ ಕೆಲಸ ಹಿಡಿಯುವಷ್ಟರಲ್ಲಿ ಇನ್ನೊಂದು ಕಾಲು ಗಂಟೆ, ಜೋರು ಹಿಡಿಯಲು ಒಂದು ಗಂಟೆ. ಅಷ್ಟರಲ್ಲಿ ಶುಗರ್ 250 ಮುಟ್ಟಿರುತ್ತದೆ. ಅದನ್ನು ಕಂಡು ಪಂಪ್ ಜೋರಾಗಿ ಬಿಟ್ಟರೆ ಮೂರು ಗಂಟೆ ಬಿಟ್ಟು ಲೋ. ಹಾಗಾಗಿ ಹೆಚ್ಚಿನ ವ್ಯವಸ್ಥೆಗಳಲ್ಲಿ ಊಟ ಮಾಡುತ್ತಿದ್ದೇನೆ ಎಂದು ಮುಂಚೆಯೇ ಹೇಳಬೇಕು. ಹೆಸರಿನ ಹಿಂದೆ ‘ಹೈಬ್ರಿಡ್’ ಎಂಬ ಪದ ಅಂಟಿರುವುದು ಇದಕ್ಕೇ. ಅರ್ಧ ಕೆಲಸ ಯಂತ್ರದ್ದು, ಅರ್ಧ ಮನುಷ್ಯರದ್ದು. 2023ರಲ್ಲಿ ಬಂದ ಐಲೆಟ್ ಎಂಬ ಪಂಪ್ ಊಟದಲ್ಲಿ ಎಷ್ಟು ಗ್ರಾಂ ಪಿಷ್ಟ, ಸಕ್ಕರೆ ಇದೆ ಎಂಬ ಲೆಕ್ಕ ಕೇಳುವುದಿಲ್ಲ, ದಿನದಂಥ ಊಟವೋ, ಅದಕ್ಕಿಂತ ಜಾಸ್ತಿಯೋ ಕಮ್ಮಿಯೋ ಎಂದಷ್ಟೇ ಕೇಳುತ್ತದೆ. ಆದರೂ ಕೇಳುತ್ತದೆ. ಲೆಕ್ಕ ಹಾಕುವ ಸೂತ್ರವನ್ನು ಇನ್ನಷ್ಟು ಜಾಣ ಮಾಡಿದರೆ ಇದು ಪೂರ್ತಿ ಬಗೆಹರಿಯುತ್ತದೆ ಎಂಬ ಉತ್ಸಾಹ ನನಗೆ ಅತಿ ಅನ್ನಿಸುತ್ತದೆ. ತಡ ಇರುವುದು ಸೂತ್ರದಲ್ಲಿ ಅಲ್ಲ, ಕೊಬ್ಬಿನ ಪದರದಲ್ಲಿ.

ಅಪಾಯದ ಸ್ವರೂಪವೂ ಬದಲಾಗುತ್ತದೆ. ಪಂಪಿನಲ್ಲಿ ಇರುವುದು ವೇಗದ ಇನ್ಸುಲಿನ್ ಮಾತ್ರ. ದಿನವಿಡೀ ಕಾಯುವ ನಿಧಾನದ ಇನ್ಸುಲಿನ್ ಮೈಯಲ್ಲಿ ಇರುವುದಿಲ್ಲ. ಕೊಳವೆ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಶುರುವಾಗಬಹುದು. ಇನ್ನು ಸೆನ್ಸರೇ ತಪ್ಪಿದರೆ? ಅಬಾಟ್ ಪ್ರಕರಣದಲ್ಲಿ ಆದದ್ದು ಇದು. ಸಂಖ್ಯೆ ಸುಳ್ಳಾಗಿ ಕೆಳಗಿದ್ದರೆ ಬಳಸುವವರು ಸಕ್ಕರೆ ತಿನ್ನುತ್ತಾರೆ, ಇನ್ಸುಲಿನ್ ತಗೊಳ್ಳದೆ ಬಿಡುತ್ತಾರೆ, ಪಂಪಿಗೆ ಜೋಡಿಸಿದ್ದರೆ ಪಂಪೂ ಕೈ ಬಿಗಿ ಹಿಡಿಯುತ್ತದೆ. ನಿಜವಾದ ಶುಗರ್ ಏರುತ್ತಲೇ ಇರುತ್ತದೆ. ಈ ದೋಷಕ್ಕೆ ನಂಟಿರಬಹುದಾದ 736 ಗಂಭೀರ ಘಟನೆ, 7 ಸಾವು ವರದಿಯಾಗಿವೆ ಎಂದು ಕಂಪನಿಯೇ ಹೇಳಿತು. ಮೂಲ ಒಂದು ತಯಾರಿಕಾ ಸಾಲಿನಲ್ಲಿತ್ತು. ಸೆನ್ಸರ್ ಎಂಬ ತಂತ್ರವೇ ಪೊಳ್ಳು ಎಂದು ಇದರಿಂದ ಹೇಳಲಾಗದು. ಆದರೆ ಒಂದು ಸಾಲಿನ ದೋಷ ಒಟ್ಟಿಗೇ ಲಕ್ಷಾಂತರ ತೋಳುಗಳನ್ನು ತಲುಪಬಲ್ಲದು ಎಂಬುದು ಗೊತ್ತಾಯಿತು.

ವಾರಕ್ಕೊಂದು ಸೂಜಿ

ಪಂಪು ಐದು ನಿಮಿಷಕ್ಕೊಮ್ಮೆ ಮನಸ್ಸು ಬದಲಿಸುವ ದಾರಿ ಹಿಡಿದರೆ, ಇನ್ಸುಲಿನ್ ಐಕೊಡೆಕ್ ತದ್ವಿರುದ್ಧ ದಾರಿ ಹಿಡಿದಿದೆ: ವಾರಕ್ಕೊಮ್ಮೆ ನಿರ್ಧರಿಸಿ ಸುಮ್ಮನಿರು. ಈ ಅಣು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಮೆಲ್ಲಗೆ ಬಿಡುಗಡೆಯಾಗುತ್ತದೆ. ಅರ್ಧ ಕರಗಲು ಸುಮಾರು ಒಂದು ವಾರ. ದಿನಕ್ಕೊಂದರಂತೆ ವರ್ಷಕ್ಕೆ 365 ಆಗುತ್ತಿದ್ದ ಸೂಜಿ 52ಕ್ಕೆ ಇಳಿಯುತ್ತದೆ. ಸೂಜಿಗೆ ಹೆದರಿ ವರ್ಷಗಟ್ಟಲೆ ಇನ್ಸುಲಿನ್ ಮುಂದೂಡುವವರಿಗೆ, ಇನ್ನೊಬ್ಬರ ಕೈಯಲ್ಲಿ ಚುಚ್ಚಿಸಿಕೊಳ್ಳುವ ವಯಸ್ಸಾದವರಿಗೆ ಇದು ಸಣ್ಣ ಸಂಗತಿಯಲ್ಲ.

ತೊಡಕು ಟೈಪ್ 1ರಲ್ಲಿ. ಟೈಪ್ 2 ಇರುವ ಬಹಳಷ್ಟು ಜನರಲ್ಲಿ ಸ್ವಂತ ಇನ್ಸುಲಿನ್ ಇನ್ನೂ ಒಂದಿಷ್ಟು ಹುಟ್ಟುತ್ತಿರುತ್ತದೆ. ಹೊರಗಿನ ಡೋಸ್ ಸ್ವಲ್ಪ ಆಚೀಚೆಯಾದರೆ ಮೈ ಅದನ್ನು ತೂಗಿಸಿಕೊಳ್ಳುತ್ತದೆ. ಟೈಪ್ 1ರಲ್ಲಿ ಆ ಸಡಿಲ ಇಲ್ಲ. ಜ್ವರ ಬಂತು, ವಾಂತಿಯಾಯಿತು, ಎಂದಿಗಿಂತ ಜಾಸ್ತಿ ದುಡಿದರು ಅಂದುಕೊಳ್ಳಿ. ದಿನದ ಇನ್ಸುಲಿನ್ ಆದರೆ ನಾಳೆ ಕಡಿಮೆ ಮಾಡಬಹುದು. ವಾರದ್ದಾದರೆ ಅದು ಈಗಾಗಲೇ ಒಳಗಿದೆ. ಪ್ರಯೋಗದಲ್ಲೂ ಟೈಪ್ 1ರವರಲ್ಲಿ ಲೋ ಶುಗರ್ ಹೆಚ್ಚೇ ಕಂಡಿತು. 2024ರ ಮೇನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ಟೈಪ್ 1ಕ್ಕೆ ಇದರ ಲಾಭ ಅಪಾಯವನ್ನು ಮೀರುವುದಿಲ್ಲ ಎಂದಿತು. ಜುಲೈನಲ್ಲಿ ಸದ್ಯಕ್ಕೆ ಒಪ್ಪಿಗೆಯಿಲ್ಲ ಎಂದು ಎಫ್‌ಡಿಎ ಬರೆದ ಪತ್ರ ಟೈಪ್ 1ರ ಜೊತೆಗೆ ತಯಾರಿಕೆಯ ಬಗ್ಗೆಯೂ ಪ್ರಶ್ನೆ ಎತ್ತಿತ್ತು. ಯುರೋಪ್ ಒಪ್ಪಿಗೆ ಕೊಟ್ಟು, ಟೈಪ್ 1ರವರಿಗೆ ಎಚ್ಚರಿಕೆಯ ಮಾತು ಸೇರಿಸಿತು. ಇಬ್ಬರ ಎದುರಿಗಿದ್ದ ಪುರಾವೆ ಒಂದೇ. ಬಾಗಿಲು ಮುಚ್ಚಬೇಕೋ, ಬಾಗಿಲಿಗೆ ಫಲಕ ಹಾಕಬೇಕೋ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಯಾರಿಗೆ ಬೇಕು, ಯಾರಿಗೆ ಸಿಗುತ್ತದೆ

ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ 2025ರ ಲೆಕ್ಕದಂತೆ ಜಗತ್ತಿನಲ್ಲಿ ಸಕ್ಕರೆ ಕಾಯಿಲೆ ಇರುವ ವಯಸ್ಕರು 58.9 ಕೋಟಿ. ಬಹುಪಾಲು ಟೈಪ್ 2. ಇವರೆಲ್ಲರಿಗೂ ಸೆನ್ಸರ್ ಬೇಕೇ? ಬೇಕು ಎನ್ನುವವರ ವಾದ: ಯಾವ ಊಟಕ್ಕೆ ಶುಗರ್ ಹೇಗೆ ಏರುತ್ತದೆ ಎಂದು ಕಣ್ಣಾರೆ ಕಂಡರೆ ಜನ ತಾವಾಗಿಯೇ ಬದಲಾಗುತ್ತಾರೆ. ಬೇಡ ಎನ್ನುವವರದ್ದು: ಇನ್ಸುಲಿನ್ ಇಲ್ಲದವರಿಗೆ ದಿನಕ್ಕೆ 288 ಸಂಖ್ಯೆಗಳಿಂದ ಲಾಭಕ್ಕಿಂತ ಚಿಂತೆ ಜಾಸ್ತಿ. ನಡುವಿನ ಮಾತೊಂದಿದೆ. ಆಗಾಗ ಎರಡು ವಾರ ಹಾಕಿಕೊಂಡು, ಕಲಿಯುವಷ್ಟು ಕಲಿತು, ತೆಗೆದಿಡುವುದು. ಇನ್ಸುಲಿನ್ ತಗೊಳ್ಳದವರ ಮಟ್ಟಿಗೆ ಇದೇ ಹೆಚ್ಚು ವಿವೇಕದ್ದು ಎನಿಸುತ್ತದೆ. ಕಾಯಿಲೆಯೇ ಇಲ್ಲದವರು ಹಾಕಿಕೊಳ್ಳುವುದು ಬೇರೆ ಮಾತು. ಉಂಡ ಮೇಲೆ ಅವರ ಶುಗರ್ ಒಂದಿಷ್ಟು ಏರುವುದು ಸಹಜ, ಅದನ್ನು ನೋಡಿ ಗಾಬರಿಯಾಗುವುದಕ್ಕೆ ಕಾರಣವಿಲ್ಲ.

ಇನ್ನೊಂದು ಕಡೆ, ಯಾರಿಗೆ ಖಂಡಿತ ಬೇಕೋ ಅವರಲ್ಲಿ ಬಹಳ ಜನರಿಗೆ ಸಿಗುವುದಿಲ್ಲ. ಸೆನ್ಸರ್ ಒಮ್ಮೆ ಕೊಂಡರೆ ಮುಗಿಯುವ ವಸ್ತುವಲ್ಲ, ಎರಡು ವಾರಕ್ಕೊಮ್ಮೆ ಎಸೆದು ಹೊಸದು ಹಾಕಬೇಕು. ಸರ್ಕಾರವೋ ವಿಮೆಯೋ ಖರ್ಚು ಹೊರುವ ಕಡೆ ಮಾತ್ರ ಇದು ಎಲ್ಲರಿಗೂ ತಲುಪುತ್ತದೆ. ಇಂಗ್ಲೆಂಡ್ ಟೈಪ್ 1ರವರಿಗೆ ತಾನೇ ನಿರ್ಧರಿಸುವ ಪಂಪುಗಳನ್ನು ಐದು ವರ್ಷಗಳಲ್ಲಿ ಹಂತಹಂತವಾಗಿ ಒದಗಿಸಲು ಹೊರಟಿರುವುದು ಹಾಗೆ. ಉಳಿದ ಕಡೆ ಉಳ್ಳವರ ಬಳಿ ಪಂಪು, ಇಲ್ಲದವರಿಗೆ ಬೆರಳು ಚುಚ್ಚಿ ನೋಡುವ ಮೀಟರಿನ ಸ್ಟ್ರಿಪ್ಪಿಗೂ ಪರದಾಟ. 1922ರ ಔಷಧವೇ ಸರಿಯಾಗಿ ಸಿಗದ ಮಕ್ಕಳು ಇಂದಿಗೂ ಇದ್ದಾರೆ.

ಅಳೆಯುವುದೂ ಬಿಡುವುದೂ ಒಂದೇ ಕೋಶ

ಮುಂದೇನು? ಎರಡು ಕಡೆ ಕಣ್ಣಿಡಬಹುದು. ಒಂದು, ಶುಗರ್ ಏರಿದಾಗ ಚುರುಕಾಗಿ, ಇಳಿದಾಗ ತಾನೇ ಮಂಕಾಗುವ ಇನ್ಸುಲಿನ್. ಎನ್‌ಎನ್‌ಸಿ2215 ಎಂಬ ಇಂಥ ಅಣುವಿನ ವಿವರ 2024ರಲ್ಲಿ ಪ್ರಕಟವಾಯಿತು. ಅದು ಕೆಲಸ ಮಾಡಿದ್ದು ಪ್ರಾಣಿಗಳಲ್ಲಿ. ಮನುಷ್ಯರಲ್ಲಿ ಹೇಗೋ ಎಂಬ ಪ್ರಶ್ನೆಗೆ ಆ ಪ್ರಯೋಗ ಉತ್ತರ ಹೇಳುವುದಿಲ್ಲ.

ಎರಡನೆಯದು ಯಂತ್ರವನ್ನೇ ಬದಿಗಿಡುವ ದಾರಿ. ಪ್ಯಾಂಕ್ರಿಯಾಸಿನ ಬೀಟಾ ಕೋಶ ತಾನೇ ಸಕ್ಕರೆ ಅಳೆಯುತ್ತದೆ, ತಾನೇ ಇನ್ಸುಲಿನ್ ಬಿಡುತ್ತದೆ. ಸೆನ್ಸರಿಗೂ ಪಂಪಿಗೂ ನಡುವಿನ ತಡ ಅಲ್ಲಿಲ್ಲ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಇಂಥ ಕೋಶಗಳನ್ನು ಬೆಳೆಸಿ ದೇಹಕ್ಕೆ ಸೇರಿಸುವ ಜಿಮಿಸ್ಲೆಸೆಲ್ ಪ್ರಯೋಗದ ಫಲ 2025ರ ಜೂನಿನಲ್ಲಿ ಹೊರಬಂತು: ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ತಗೊಳ್ಳುವುದನ್ನೇ ನಿಲ್ಲಿಸಿದ್ದರು. ಹನ್ನೆರಡು ಸಣ್ಣ ಸಂಖ್ಯೆ. ಜೊತೆಗೆ, ದೇಹ ಆ ಕೋಶಗಳನ್ನು ಕೊಲ್ಲದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ತಗೊಳ್ಳುತ್ತಲೇ ಇರಬೇಕು. ಸೋಂಕಿನ ಭಯ ಬೆನ್ನಿಗಿರುತ್ತದೆ. ಅದಕ್ಕೇ ಆ ಪ್ರಯೋಗಕ್ಕೆ ಆರಿಸಿದ್ದು, ಶುಗರ್ ಕುಸಿಯುತ್ತಿರುವುದು ತಮಗೇ ಗೊತ್ತಾಗದೆ ಮತ್ತೆ ಮತ್ತೆ ಅಪಾಯಕ್ಕೆ ಬೀಳುತ್ತಿದ್ದ ಟೈಪ್ 1 ರೋಗಿಗಳನ್ನು ಮಾತ್ರ.